ಟವೆಲಿನ ಕೆಳಗಿನ ಟೆಂಪೋ

ಯಾರಾದರೂ ನನ್ನ ಕೈ ಕುಲುಕಿದರೆ ನಾನು ಬೆರಳು ಎಣಿಸುತ್ತೇನೆ. ಕಳೆದುಹೋಗಿವೆಯೇನೋ ಎಂಬ ಅನುಮಾನದಿಂದಲ್ಲ. ಎದುರಿನವರು ಎಷ್ಟು ಬೆರಳು ಒತ್ತಿದರು, ಯಾವುದನ್ನು ಬಿಟ್ಟರು, ಒತ್ತುವಾಗ ಬೆರಳು ನೆಟ್ಟಗಿತ್ತೋ ಮಡಚಿತ್ತೋ ಎಂದು ನನ್ನ ಅಂಗೈ ತಾನಾಗಿಯೇ ಲೆಕ್ಕ ಹಾಕಿಬಿಡುತ್ತದೆ. ಮೊನ್ನೆ ನಮ್ಮ ಬಿಲ್ಡಿಂಗಿನ ಸೆಕ್ರೆಟರಿ ಹಬ್ಬದ ಶುಭಾಶಯ ಹೇಳಿ ಕೈ ಹಿಡಿದರು. ಮೂರು ಬೆರಳು, ಸ್ವಲ್ಪ ಸಡಿಲ. ಆ ಮನುಷ್ಯ ಒಳ್ಳೆಯದಾಗಲಿ ಎನ್ನುತ್ತಿದ್ದಾರೆ, ನಾನು ಮುನ್ನೂರು ಎಂದುಕೊಂಡು ಬೆವರುತ್ತಿದ್ದೇನೆ. ನಗಬೇಡಿ. ಇದು ವಯಸ್ಸಿನ ರೋಗವಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ಒಂದು ಟೆಂಪೋ ಕೊಂಡದ್ದರ ಪರಿಣಾಮ.

ಟೆಂಪೋ ನನ್ನದಲ್ಲ, ನನ್ನ ಕಾಕಾನದು. ಅಪ್ಪನ ತಮ್ಮ ಮೌಲಾಸಾಬ ಬಿಜಾಪುರದ ಕಡೆಯಿಂದ ನನಗಿಂತ ಮೊದಲೇ ಮುಂಬಯಿಗೆ ಬಂದು ಧಾರಾವಿಯಲ್ಲಿ ಹಸಿ ತೊಗಲಿನ ವ್ಯಾಪಾರಕ್ಕೆ ಅಂಟಿಕೊಂಡಿದ್ದ. ವ್ಯಾಪಾರವೆಂದರೆ ದೊಡ್ಡ ಮಾತು. ತೊಗಲು ಕೊಳ್ಳುವುದು, ಕೈಗಾಡಿಯಲ್ಲಿ ಹೇರಿ ಟ್ಯಾನರಿಗೆ ಮುಟ್ಟಿಸುವುದು. ನಮ್ಮ ಮನೆಯ ಮಾತು ದಖನಿ. ಆದರೆ ಸಿಟ್ಟು, ವ್ಯಾಪಾರ ಮತ್ತು ಬೈಗುಳ ಮಾತ್ರ ಕನ್ನಡದಲ್ಲಿ. ಕಾಕಾನ ದಿನದಲ್ಲಿ ಈ ಮೂರೇ ಇರುತ್ತಿದ್ದುದರಿಂದ ಅವನು ನನ್ನೊಡನೆ ಹೆಚ್ಚಾಗಿ ಕನ್ನಡವನ್ನೇ ಆಡುತ್ತಿದ್ದ.

ನನ್ನ ವಿಚಾರ ಹೇಳಬೇಕೆಂದರೆ, ನಾನು ಬಿ.ಎ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಸ್ವಂತ ಹೆಸರು ಬರೆಯಲು ಬಂದವರೇ ಇರಲಿಲ್ಲ. ಹಗಲು ಜೋಗೇಶ್ವರಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್ ಕೀಪರನ ಕೈಕೆಳಗೆ ದುಡಿದು, ಸಂಜೆ ಕಾಲೇಜಿಗೆ ಹೋಗಿ, ನಾಲ್ಕು ವರ್ಷದ ಓದನ್ನು ಆರು ವರ್ಷದಲ್ಲಿ ಮುಗಿಸಿದೆ. ಎರಡು ವರ್ಷ ಹೆಚ್ಚಾದದ್ದು ಬುದ್ಧಿ ಕಡಿಮೆಯಾಗಿ ಅಲ್ಲ, ಓವರ್‌ಟೈಮ್ ಹೆಚ್ಚಾಗಿ. ಇದನ್ನು ಈಗಲೂ ಒತ್ತಿ ಹೇಳುತ್ತೇನೆ.

ಪದವಿ ಬಂದ ಮೇಲೆ ಕಾಕಾನ ಗಲ್ಲಿಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದದ್ದೆಲ್ಲ ನನ್ನ ಮುಂದೆ ಬರತೊಡಗಿತು. ಕೋರ್ಟಿನ ನೋಟೀಸು, ಔಷಧದ ಸೀಸೆ, ಕಂಪನಿಯ ಬಿಸ್ಕತ್ತಿನ ಡಬ್ಬಿ. ಎಲ್ಲವನ್ನೂ ಗಟ್ಟಿಯಾಗಿ ಓದುತ್ತಿದ್ದೆ. ಅರ್ಥವಾಗದ ಕಡೆ ದನಿ ಏರಿಸುತ್ತಿದ್ದೆ. ಕಾಕಾ ಪಕ್ಕದಲ್ಲಿ ಕೂತು, "ಹೆಂಗ ಓದತಾನ ನೋಡ್ರಿ, ರೇಡಿಯೋ ಓದಿದಂಗ" ಎನ್ನುತ್ತಿದ್ದ. ಒಂದು ದಿನ ಯಾರೋ ನನಗೆ ಓದಲು ಬಾರದ ಕಾಗದ ತರುತ್ತಾರೆ, ಅಂದು ಈ ರೇಡಿಯೋ ಕೆಡುತ್ತದೆ ಎಂಬ ಹೆದರಿಕೆ ನನಗೆ ಆಗಿನಿಂದಲೇ ಇತ್ತು. ಆದರೆ ಅದು ಕಾಗದವೇ ಆಗಿರುತ್ತದೆ ಎಂದುಕೊಂಡಿದ್ದೆ.

ಕಾಕಾನಿಗೆ ಐವತ್ತು ದಾಟಿತ್ತು. ತೊಗಲು ಹೇರಿದ ಕೈಗಾಡಿ ಸಾಯನ್ ಸೇತುವೆ ಏರುವಾಗ ಅವನ ಎದೆಯಿಂದ ಹಳೆಯ ಬಾಗಿಲಿನ ಸದ್ದು ಬರುತ್ತಿತ್ತು. ಅಷ್ಟರಲ್ಲಿ ಟ್ಯಾನರಿಯ ಮಾಲೀಕ ಒಂದು ಮಾತು ಕೊಟ್ಟ. ಮೊಹರಮ್ಮಿನೊಳಗೆ ಸ್ವಂತ ಗಾಡಿ ತಂದರೆ ತನ್ನ ಮಾಲೆಲ್ಲ ಕಾಕಾನಿಗೇ, ತರದಿದ್ದರೆ ಟ್ರಕ್ಕಿನವರಿಗೆ. ಕಾಕಾ ಎರಡು ವರ್ಷದ ಹಿಂದೆಯೇ ಅಂಧೇರಿಯ ಷೋರೂಮೊಂದರಲ್ಲಿ ಮೂರು ಗಾಲಿಯ ಟೆಂಪೋಗೆ ನಂಬರ್ ಹಚ್ಚಿದ್ದ. ಆ ಕಾಲದಲ್ಲಿ ಹಣ ಇದ್ದರೆ ಗಾಡಿ ಸಿಗುತ್ತಿರಲಿಲ್ಲ, ನಂಬರ್ ಬಂದರೆ ಸಿಗುತ್ತಿತ್ತು. ನಂಬರ್ ಬಂದ ಕಾಗದವನ್ನು ನಾನೇ ಓದಿದೆ. ಎಂಟು ದಿನದೊಳಗೆ ಎರಡು ಸಾವಿರ ಮುಂಗಡ ಕಟ್ಟಿ ಆರ್ಡರ್ ಕೊಡಬೇಕು, ಇಲ್ಲವಾದರೆ ನಂಬರ್ ಮುಂದಿನವರಿಗೆ. ಡೆಲಿವರಿ ದಿನ ಉಳಿದ ಹಣ ಪೂರ್ತಿ ಕೊಡದಿದ್ದರೆ ಮುಂಗಡ ವಾಪಸಿಲ್ಲ.

"ಬಾಷಾ, ನನ್ನ ಕಡೆ ಹತ್ತು ಸಾವಿರದಾ ಎಂಟುನೂರು ಐತಿ" ಎಂದ ಕಾಕಾ. "ಕೈಗಾಡಿ ಎರಡೂ ಮಾರೋದು ಹಿಡಿದು. ಅದರ ಮ್ಯಾಲ ಒಂದ್ ಪೈ ಇಲ್ಲ. ನೀ ಬಾ ಜೋಡಿ. ಕಾಗದ ನೀ ನೋಡ್ಕೋ, ದರ ನಾ ನೋಡ್ಕೋತೀನಿ."

ಷೋರೂಮಿನ ಗಾಜಿನ ಬಾಗಿಲಿನ ಮೇಲೆ ತಳ್ಳಿರಿ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ನಾನು ಅದನ್ನು ಓದಿ, ಅರ್ಥಮಾಡಿಕೊಂಡು, ಎಳೆದೆ. ಹೆದರಿಕೆ ಮೊದಲು ಕೈಗೆ ಬರುತ್ತದೆ, ಆಮೇಲೆ ತಲೆಗೆ. ಒಳಗೆ ಟೈ ಕಟ್ಟಿದ ಸೇಲ್ಸ್‌ಮನ್ ಒಬ್ಬ ಕೂತಿದ್ದ. ಮೊದಲು ಕಾಕಾನ ಲುಂಗಿ, ಹೆಗಲ ಮೇಲಿನ ಟವೆಲು ನೋಡಿದ. ಆಮೇಲೆ ಮೂಗು ಸ್ವಲ್ಪ ಎತ್ತಿದ. ತೊಗಲಿನ ವಾಸನೆ ಎಷ್ಟು ಮಿಂದರೂ ಹೋಗುವುದಿಲ್ಲ. ನನ್ನ ಮೈಗೂ ಅಂಟಿದೆಯೇನೋ ಎಂದು ನಾನು ಒಂದು ಹೆಜ್ಜೆ ದೂರ ನಿಂತೆ. ಆ ಒಂದು ಹೆಜ್ಜೆಯನ್ನು ಬರೆಯದೆ ಬಿಡಬಹುದಿತ್ತು, ಆದರೆ ಇಟ್ಟದ್ದಂತೂ ನಿಜ.

ಟೈಯವನು ಮರದ ಬಾಡಿ, ಸ್ಟೆಪ್ನಿ ಎಲ್ಲ ಸೇರಿ ಹನ್ನೊಂದು ಸಾವಿರದ ಆರುನೂರು ಎಂದ. ಫಾರಂ ಮುಂದಿಟ್ಟ. ನಾನು ಓದತೊಡಗಿದೆ. ಮೂರನೆಯ ಕಲಮಿಗೆ ಬರುವಷ್ಟರಲ್ಲಿ ನನ್ನ ಬೆನ್ನು ಒದ್ದೆಯಾಯಿತು. ಡೆಲಿವರಿ ದಿನ ಇರುವ ಬೆಲೆಯೇ ಬೆಲೆ ಎಂದು ಅಲ್ಲಿತ್ತು. ಅದರ ಕೆಳಗೆ ಬೆಲೆ ಬರೆಯುವ ಜಾಗ ಖಾಲಿ.

"ಇದು ಖಾಲಿ ಯಾಕೆ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ವೋ ಬಾದ್ ಮೇ ಭರೇಂಗೆ. ಆಪ್ ಸಹೀ ಕರೋ."

ಹನ್ನೊಂದು ಸಾವಿರದ ಆರುನೂರಕ್ಕೇ ಕಾಕಾನ ಹತ್ತಿರ ಎಂಟುನೂರು ಕಡಿಮೆ. ಆಮೇಲೆ ಇವರು ಮನಸ್ಸಿಗೆ ಬಂದ ಅಂಕಿ ತುಂಬಿದರೆ ಗಾಡಿಯೂ ಇಲ್ಲ, ಮುಂಗಡವೂ ಇಲ್ಲ, ಕೈಗಾಡಿಗಳೂ ಇಲ್ಲ. ಇದನ್ನು ಕಾಕಾನ ಕಿವಿಯಲ್ಲಿ ಹೇಳಿದೆ. ಅವನು ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಹಿಂದಿನ ಕ್ಯಾಬಿನ್ನಿನಿಂದ ಹೊರಬಂದ ಮುದುಕನೊಬ್ಬನನ್ನು ನೋಡುತ್ತಿದ್ದ. ಬಿಳಿ ಧೋತರ, ಕಪ್ಪು ಟೋಪಿ, ಸಣಕಲು ಮೈ. ಷೋರೂಮಿನ ಮಾಲೀಕ, ಕಚ್ಛದ ಕಡೆಯ ಸೇಟ್. ಕಾಕಾ ನೇರವಾಗಿ ಅವನ ಮುಂದೆ ಹೋಗಿ ನಿಂತು ಬಲಗೈ ಚಾಚಿದ. ಸೇಟ್ ಏನೆಂದು ತಿಳಿಯದೆ ಕೈ ಕೊಟ್ಟ. ಕಾಕಾ ಹೆಗಲ ಮೇಲಿನ ಟವೆಲು ತೆಗೆದು ಎರಡೂ ಕೈಗಳ ಮೇಲೆ ಹೊದಿಸಿದ.

ಇಲ್ಲಿ ನಿಮಗೆ ನಮ್ಮೂರ ಕಡೆಯ ದನದ ಸಂತೆಯ ಬಗ್ಗೆ ಎರಡು ಮಾತು ಹೇಳಬೇಕು. ಅಲ್ಲಿ ದರವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊಡುವವನೂ ಕೊಳ್ಳುವವನೂ ಕೈಹಿಡಿದು ಮೇಲೆ ಬಟ್ಟೆ ಮುಚ್ಚುತ್ತಾರೆ. ಒಳಗೆ ಬೆರಳು ಬೆರಳಿನೊಡನೆ ಮಾತಾಡುತ್ತದೆ. ಸುತ್ತ ನಿಂತವರಿಗೆ ಕಾಣುವುದು ಎರಡು ಕಲ್ಲಿನಂಥ ಮುಖ ಮತ್ತು ಒಳಗೆ ಇಲಿ ಹೊಕ್ಕಂತೆ ಅಲುಗುವ ಬಟ್ಟೆ. ನನ್ನ ಅಪ್ಪ ಇದರಲ್ಲಿ ನಿಸ್ಸೀಮ. ಏಳು ವರ್ಷದವನಿದ್ದಾಗ ನಾನು ಬಗ್ಗಿ ಅಪ್ಪನ ಬಟ್ಟೆಯ ಕೆಳಗೆ ಇಣುಕಿದೆ. ಅವನು ಎಡಗೈಯಿಂದ ಬಿಟ್ಟ ಏಟಿಗೆ ಹೋರಿಯ ಕಾಲಿನ ಬಳಿ ಹೋಗಿ ಬಿದ್ದೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪ ಹೇಳಿದ, "ಈ ವಿದ್ಯಾ ನಿನಗ ಬ್ಯಾಡ. ನೀ ಬಟ್ಟಿ ಹೊರಗ ಬರಿಯೋ ವಿದ್ಯಾ ಕಲಿ." ಮರುವಾರ ಸಾಲೆಗೆ ಹಾಕಿದ. ಹಾಗಾಗಿ ನಮ್ಮ ಮನೆಯ ಗಂಡಸರಿಗೆಲ್ಲ ಬರುವ ಈ ಬೆರಳಿನ ಭಾಷೆ ನನಗೆ ಬರುವುದಿಲ್ಲ. ಕಾಕಾನಿಗೆ ಇದು ಗೊತ್ತಿರಲಿಲ್ಲ. ಬಿ.ಎ. ಮಾಡಿದವನಿಗೆ ಬೆರಳು ಬಾರದಿರುತ್ತದೆಯೇ ಎಂದು ಅವನು ತಿಳಿದಿದ್ದ.

ಅಂಧೇರಿಯ ಷೋರೂಮಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ತೊಗಲು ಒರೆಸಿದ ಆ ಟವೆಲು ಕಂಡಾಗ ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಟೈಯವನು ಎದ್ದು ನಿಂತ. ಇನ್ನೇನು ನಮ್ಮನ್ನು ಹೊರಗೆ ಹಾಕುತ್ತಾರೆ ಎಂದುಕೊಂಡೆ. ಆದರೆ ಸೇಟ್ ಕೈ ಎಳೆದುಕೊಳ್ಳಲಿಲ್ಲ. ಅವನ ಕಣ್ಣುಗಳು ನಿಧಾನವಾಗಿ ಸಣ್ಣಗಾದವು.

"ಅರೇ, ಮೇರೇ ಬಾಪ್ ಕೇ ಬಾದ್ ಕಿಸೀನೇ ಐಸಾ ಹಾಥ್ ನಹೀ ಪಕಡಾ" ಎಂದ. ಅಪ್ಪನ ನಂತರ ಯಾರೂ ಅವನ ಕೈಯನ್ನು ಹೀಗೆ ಹಿಡಿದಿರಲಿಲ್ಲವಂತೆ. ಅಪ್ಪ ಹತ್ತಿಯ ದಲಾಲನಂತೆ. ಹತ್ತಿ ಬಜಾರಿನಲ್ಲೂ ಇದೇ ಪದ್ಧತಿಯಂತೆ.

ಮುಂದಿನ ಹತ್ತು ನಿಮಿಷ ಮಾತಿಲ್ಲ. ಟವೆಲು ಉಬ್ಬುತ್ತಿತ್ತು, ಕುಸಿಯುತ್ತಿತ್ತು. ಒಮ್ಮೆ ಸೇಟ್ ತಲೆ ಅಲ್ಲಾಡಿಸಿದ. ಒಮ್ಮೆ ಕಾಕಾ ಕೈ ಬಿಡಿಸಿಕೊಳ್ಳುವಂತೆ ಮಾಡಿ ಮತ್ತೆ ಹಿಡಿದ. ಟೈಯವನು ಮತ್ತು ನಾನು, ಅಲ್ಲಿದ್ದ ಇಬ್ಬರು ಓದಿದವರು, ಪರಸ್ಪರ ಮುಖ ನೋಡಿಕೊಂಡು ನಿಂತಿದ್ದೆವು. ಕೊನೆಗೆ ಸೇಟ್ ಇನ್ನೊಂದು ಕೈಯನ್ನು ಟವೆಲಿನ ಮೇಲೆ ಬಡಿದ.

"ಆತು" ಎಂದ ಕಾಕಾ. "ಹೆಬ್ಬಟ್ಟು ಎಲ್ಲಿ ಒತ್ತಬೇಕು?"

"ಬೆಲೆ ಬರೆಯದೆ ಒತ್ತಬ್ಯಾಡ" ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು.

"ಕೈ ಕೊಟ್ಟಾರಲ್ಲೋ."

"ಕೈ ಫಾರಂದಾಗ ಇಲ್ಲ ಕಾಕಾ. ಮೂರನೇ ಕಲಂ ಹೊಡೀಬೇಕು, ಅಂಕಿ ಬರೀಬೇಕು, ಸೇಟ್ ಅದರ ಬಾಜೂಕ ಸಹಿ ಮಾಡಬೇಕು."

ಕಾಕಾನ ಮುಖ ಕಪ್ಪಿಟ್ಟಿತು. ಕೈಮೇಲೆ ಕೈ ಬಿದ್ದ ನಂತರ ಬರಹ ಕೇಳುವುದು ನಮ್ಮ ಸಂತೆಯಲ್ಲಿ ಎದುರಿನವನ ಹುಟ್ಟನ್ನು ಕೇಳಿದಂತೆ. ಸೇಟ್ ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕೌನ್ ಹೈ?"

"ಭತೀಜಾ. ಬೀಯೇ."

"ತೋ ಲಿಖನೇ ದೋ. ಕಲಮ್ ಕಾಟೋ, ಜೋ ಹುವಾ ವೋ ಲಿಖೋ" ಎಂದು ಸೇಟ್ ಪೆನ್ನನ್ನು ನನ್ನ ಕಡೆಗೆ ಸರಿಸಿದ.

ಮೂರನೆಯ ಕಲಮನ್ನು ಅಡ್ಡಗೆರೆ ಎಳೆದು ಹೊಡೆದೆ. ನನ್ನ ಹದಿನೇಳು ವರ್ಷದ ಓದಿನಲ್ಲಿ ಅಷ್ಟು ಸುಖದ ಗೆರೆ ಎಳೆದಿರಲಿಲ್ಲ. "ಎಷ್ಟು?" ಎಂದು ತಲೆ ಎತ್ತಿದರೆ ಇಬ್ಬರೂ ನೆಲ ನೋಡುತ್ತಿದ್ದಾರೆ. ಪಕ್ಕದ ಬೆಂಚಿನಲ್ಲಿ ಇನ್ನೂ ನಾಲ್ಕು ಗಿರಾಕಿಗಳು ಕೂತಿದ್ದರು. ಇವರ ಎದುರು ದರ ಬಾಯಿಗೆ ಬರುವ ಹಾಗಿಲ್ಲ. ಕಿವಿಯಲ್ಲಾದರೂ ಹೇಳು ಎಂದೆ. ಕಾಕಾ ನಾಲಿಗೆ ಕಚ್ಚಿಕೊಂಡ. "ಬಟ್ಟಿ ಕೆಳಗ ಆಗಿದ್ದು ಬಟ್ಟಿ ಕೆಳಗ ಇರಬೇಕು. ಕೈ ಕೊಡು."

ನನ್ನ ಕೈ ಟವೆಲಿನ ಕೆಳಗೆ ಹೋಯಿತು.

ಕಾಕಾನ ಅಂಗೈ ಹೇಗಿತ್ತು ಗೊತ್ತೇ, ಉಪ್ಪು ಹಾಕಿ ಒಣಗಿಸಿದ ತೊಗಲಿನಂತೆ. ಅದರೊಳಗೆ ನನ್ನ ಕಾರಕೂನನ ಕೈ ಮೊಲದ ಮರಿಯಂತೆ ಅಡಗಿತು. ಅವನು ಹೆಬ್ಬೆರಳು ಬಿಟ್ಟು ಉಳಿದ ನಾಲ್ಕು ಬೆರಳು ಹಿಡಿದ. ಒಳಕ್ಕೆ ಮಡಚಿ ಒತ್ತಿದ. ನನ್ನ ಕಣ್ಣು ನೋಡಿದ. ತಿಳಿಯಿತೇ ಎಂಬಂತೆ ಹುಬ್ಬು ಏರಿಸಿದ. ಕಾಕಾನ ಹತ್ತಿರ ಇರುವುದೇ ಅಷ್ಟು, ಹನ್ನೊಂದು ಸಾವಿರದ ಒಳಗೇ ಮುಗಿದಿರಬೇಕು, ನಾಲ್ಕು ಬೆರಳು ಎಂದರೆ ನಾಲ್ಕುನೂರು ಎಂದು ನಾನೇ ಲೆಕ್ಕ ಹಾಕಿಕೊಂಡೆ. ಬರುವುದಿಲ್ಲ ಎನ್ನಲು ಆಗ ಒಂದು ಕ್ಷಣ ಇತ್ತು. ಟೈಯವನು ನೋಡುತ್ತಿದ್ದ. ನಾನು ತಲೆಯಾಡಿಸಿ, ಅಂಕಿಯಲ್ಲೂ ಅಕ್ಷರದಲ್ಲೂ ಹತ್ತು ಸಾವಿರದ ನಾನೂರು ಎಂದು ಬರೆದೆ.

ಸೇಟ್ ಕನ್ನಡಕ ಹಾಕಿಕೊಂಡು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ. ಸಹಿ ಮಾಡಿದ. ಕಾಕಾ ಕಾಗದದ ಕಡೆ ನೋಡಲೂ ಇಲ್ಲ, ಹೆಬ್ಬಟ್ಟು ಒತ್ತಿ, ಎರಡು ಸಾವಿರ ಕೊಟ್ಟು, ಕಾರ್ಬನ್ ಪ್ರತಿಯನ್ನು ನನ್ನ ಕೈಗಿತ್ತ. "ನಿನ್ನ ಡಿಗ್ರಿ ಕಾಗದದ ಜೋಡಿ ಇಡು."

ಅಂಧೇರಿಯಿಂದ ಲೋಕಲ್ ಹಿಡಿದೆವು, ಕಾಕಾನ ಮನೆಯಲ್ಲಿ ಊಟಕ್ಕೆಂದು. ಕಾಕಾ ಕಿಟಕಿಯ ಪಕ್ಕ ಕೂತು ಮದುವೆ ಗೊತ್ತಾದವನಂತೆ ನಗುತ್ತಿದ್ದ. ವಿಲೇಪಾರ್ಲೆ ಬರುವಷ್ಟರಲ್ಲಿ ಹೇಳಿದ, "ಎಲ್ಲಾ ಕೊಟ್ಟು ಇನ್ನೂ ಎರಡುನೂರು ಉಳೀತು ನೋಡು. ಮಾಲಿನ ಮ್ಯಾಲ ಹೊದಿಸಾಕ ತಾಡಪತ್ರಿ ತಗೊಂಡ್ರಾತು."

ನನ್ನ ಹತ್ತಿರ ಬಿ.ಎ. ಇದ್ದುದರಿಂದ ಕಳೆಯುವ ಲೆಕ್ಕ ಬರುತ್ತಿತ್ತು. ಹತ್ತು ಸಾವಿರದ ಎಂಟುನೂರರಲ್ಲಿ ಹತ್ತು ಸಾವಿರದ ನಾನೂರು ಹೋದರೆ ಉಳಿಯುವುದು ನಾನೂರು.

"ಎರಡುನೂರೇ?" ಎಂದೆ.

"ಮತ್ತ? ಬೆರಳು ಒಳಗ ಮಡಚಿದ್ದು ತಿಳೀತಿಲ್ಲೋ ನಿನಗ. ನೆಟ್ಟಗಿದ್ರ ಹತ್ತರ ಮ್ಯಾಲ ಎಣಸೋದು, ಮಡಚಿದ್ರ ಹನ್ನೊಂದರಿಂದ ಕೆಳಗ. ಸೇಟನೂ ಭಾರೀ ಪಕ್ಕಾ ಮನಶ್ಯಾ, ನಮ್ಮಂಗ ಮಡಚತಾನ."

ಹನ್ನೊಂದು ಸಾವಿರದಿಂದ ನಾನೂರು ಕೆಳಗೆ. ಹತ್ತು ಸಾವಿರದ ಆರುನೂರು. ನಾನು ಇನ್ನೂರು ಕಡಿಮೆ ಬರೆದಿದ್ದೆ, ಸೇಟ್ ಅದಕ್ಕೆ ಸಹಿ ಹಾಕಿದ್ದ. ಸಾಂತಾಕ್ರೂಜಿನಲ್ಲಿ ಹೇಳಿಬಿಡೋಣ ಎಂದುಕೊಂಡೆ. ಜನ ಹತ್ತಿದರು. ಖಾರ್‌ನಲ್ಲಿ ಎಂದುಕೊಂಡೆ. ಕಾಕಾ ಪಕ್ಕದವನಿಗೆ, "ಇವ ನಮ್ಮ ಅಣ್ಣನ ಮಗ, ಆ ಸೇಟ್‌ನ ಕಡಿಂದ ಕಲಂ ಹೊಡಿಸಿದ" ಎಂದು ಹೇಳುತ್ತಿದ್ದ. ಬಾಂದ್ರಾದಲ್ಲಿ ಕಾರ್ಬನ್ ಪ್ರತಿಯನ್ನು ಇನ್ನೊಮ್ಮೆ ಮಡಚಿ ಕಿಸೆಗೆ ಹಾಕಿದೆ. ಮಾಹಿಮ್ ಬಂತು, ಇಳಿದೆವು. ಕಾಕಿ ಮಾಡಿದ್ದ ಖೀಮಾ ನನಗೆ ಮರಳಿನಂತೆ ಹತ್ತಿತು.

ಮುಂದಿನ ಐದು ತಿಂಗಳು ನಾನು ಹೇಗೆ ಬದುಕಿದೆ ಎಂದು ಕೇಳಬೇಡಿ, ಹೇಳುತ್ತೇನೆ. ಕಾರ್ಖಾನೆಯ ಗೇಟಿನಲ್ಲಿ ಖಾಕಿ ಕಂಡರೆ ನನ್ನನ್ನೇ ಕೇಳಿಕೊಂಡು ಬಂದಿದ್ದಾರೆ ಎನಿಸುತ್ತಿತ್ತು. ಆ ಅಕ್ಷರ ನನ್ನದು. ಸೇಟ್ ಮನಸ್ಸು ಮಾಡಿದರೆ ಚಾರಸೌಬೀಸ್ ಕೇಸು ಹಾಕಬಹುದು. ಅಥವಾ ಡೆಲಿವರಿ ದಿನ ಎಲ್ಲರ ಮುಂದೆ ಕಾಕಾನನ್ನು ಠಕ್ಕ ಎಂದು ಕರೆದು ಗಾಡಿ ಬೇರೆಯವರಿಗೆ ಕೊಡಬಹುದು. ಮೊಹರಂ ದಾಟಿದರೆ ಟ್ಯಾನರಿಯ ಮಾಲು ಟ್ರಕ್ಕಿಗೆ ಹೋಗುತ್ತದೆ, ಕಾಕಾ ಮತ್ತೆ ಕೈಗಾಡಿ ಬಾಡಿಗೆಗೆ ಹಿಡಿದು ಆ ಸೇತುವೆ ಏರುತ್ತಾನೆ. ತಲೆಯೊಳಗೆ ಈ ಸಿನಿಮಾ ಮುಗಿದರೆ ಇನ್ನೊಂದು ಶುರುವಾಗುತ್ತಿತ್ತು. ಕಾಕಾನಿಗೆ ಗೊತ್ತಾಗುತ್ತದೆ. ರೇಡಿಯೋ ಕೆಟ್ಟಿದ್ದು ಗಲ್ಲಿಗೆ ಗೊತ್ತಾಗುತ್ತದೆ.

ಸೇಟ್‌ಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದೆ. ಚೆನ್ನಾಗಿ ಬರಲಿಲ್ಲ ಎಂದು ಮತ್ತೊಂದು ಬರೆದೆ. ಏಳನೆಯದು ಬಹಳ ಚೆನ್ನಾಗಿ ಬಂದಿತ್ತು, ಅದನ್ನು ಕಿಸೆಯಲ್ಲಿಟ್ಟುಕೊಂಡೇ ಬಟ್ಟೆ ಒಗೆದೆ. ಜೋಗೇಶ್ವರಿಯಿಂದ ಅಂಧೇರಿ ಒಂದೇ ಸ್ಟೇಷನ್. ಮೂರು ಸಲ ಆ ಗಾಜಿನ ಬಾಗಿಲಿನ ತನಕ ಹೋದೆ. ಮೂರನೆಯ ಸಲ ಟೈಯವನು ಒಳಗಿನಿಂದ ಕಂಡು ಕೈ ಎತ್ತಿದ. ನಾನು ಬಸ್ಸು ಬಂದವನಂತೆ ಓಡಿದೆ. ಬಸ್ಸು ಬಂದಿರಲಿಲ್ಲ.

ಮೊಹರಂಗೆ ಹದಿನೈದು ದಿನ ಇರುವಾಗ ಡೆಲಿವರಿಯ ಕಾಗದ ಬಂತು. ಗಲ್ಲಿಯ ಡ್ರೈವರ್ ಒಬ್ಬನನ್ನು ಕರೆದುಕೊಂಡು ಹೋದೆವು. ಅವನು ಹೊರಗೆ ಟೆಂಪೋದ ಹತ್ತಿರ ನಿಂತ. ಹಸಿರು ಬಣ್ಣ, ಮೂರು ಗಾಲಿ, ಮೂತಿ ಮುಂದೆ ಮಾಡಿ ಕೂತ ಕಪ್ಪೆಯ ಹಾಗಿತ್ತು. ಕಾಕಾ ಅದರ ಬಾನೆಟ್ಟನ್ನು ಎತ್ತಿನ ಹಣೆ ಸವರಿದಂತೆ ಸವರಿ ಒಳಗೆ ಬಂದ. ಸೊಂಟದ ಚೀಲ ಬಿಚ್ಚಿ ಮೇಜಿನ ಮೇಲೆ ಕಟ್ಟು ಇಟ್ಟ. ಟೈಯವನು ಎಣಿಸಿದ. ಹೆಚ್ಚಾಯಿತೆಂದು ನೂರರ ಎರಡು ನೋಟು ವಾಪಸು ತಳ್ಳಿದ.

"ಚಾಚಾ, ದೋ ಸೌ ಜ್ಯಾದಾ ಹೈ."

"ಬರಾಬರ್ ಹೈ. ಫಿರ್ ಸೇ ಗಿನೋ."

"ಆಠ್ ಹಜಾರ್ ಚಾರ್ ಸೌ ದೇನೇಕಾ. ಆಪ್‌ನೇ ಛೇ ಸೌ ದಿಯಾ."

ಕಾಕಾ ನೋಟುಗಳನ್ನೇ ನೋಡಿದ. ಅವನ ಮುಖದಲ್ಲಿ ಸಂತೋಷ ಕಾಣಲಿಲ್ಲ, ಹೆದರಿಕೆ ಕಂಡಿತು. ಸಂತೆಯಲ್ಲಿ ಕೇಳದೆ ದರ ಇಳಿದರೆ ಎತ್ತಿನ ಕಾಲು ನೋಡಬೇಕು. "ಕ್ಯೋಂ? ಸ್ಟೆಪ್ನೀ ನಹೀ ದೇತೇ ಕ್ಯಾ? ಇಂಜನ್ ಪುರಾನಾ ಹೈ ಕ್ಯಾ?" ಎಂದ.

ದನಿ ಕೇಳಿ ಸೇಟ್ ಕ್ಯಾಬಿನ್ನಿನಿಂದ ಹೊರಗೆ ಬಂದ. ಫಾರಂ ತರಿಸಿ ಮೇಜಿನ ಮೇಲೆ ಇಟ್ಟ. ನನ್ನ ಅಕ್ಷರದ ಮೇಲೆ ಬೆರಳಿಟ್ಟ. "ಗಾಡೀ ಬರಾಬರ್ ಹೈ ಮಿಯಾಂ. ಯೇ ದೇಖೋ. ತುಮ್ಹಾರೇ ಬೀಯೇನೇ ದಸ್ ಹಜಾರ್ ಚಾರ್ ಸೌ ಲಿಖಾ. ಮೈಂ ಉಸೀ ದಿನ್ ಸಮಝಾ, ಪಢಾ ಹುವಾ ಲಡಕಾ ಹೈ, ಹೋಶಿಯಾರೀ ಕರ್ ರಹಾ ಹೈ. ಸಹೀ ಕರ್ ದೀ. ಸೋಚಾ, ಚಾಚಾ ಕ್ಯಾ ದೇತಾ ಹೈ ದೇಖೇಂಗೆ."

ಓದಿದ ಹುಡುಗ ಜಾಣತನ ಮಾಡಿದ್ದಾನೆ, ಚಾಚಾ ಎಷ್ಟು ಕೊಡುತ್ತಾನೆ ನೋಡೋಣ ಎಂದು ಸೇಟ್ ಕಾದಿದ್ದನಂತೆ. ಬೆಂಚಿನ ಮೇಲಿನ ಗಿರಾಕಿಗಳು ಪೇಪರು ಕೆಳಗಿಟ್ಟರು. ಕಾಕಾ ನನ್ನ ಕಡೆ ತಿರುಗಿದ. ಅವನು ಕಾಯುತ್ತಿದ್ದ.

ನನ್ನ ಮುಂದೆ ಎರಡೇ ದಾರಿ ಇದ್ದವು. ಸುಮ್ಮನಿದ್ದರೆ ನಾನು ಜಾಣ ಕಳ್ಳ. ಬಾಯಿಬಿಟ್ಟರೆ ದಡ್ಡ. ನಿಮಗೆ ಇದು ಸುಲಭ ಎನಿಸಬಹುದು. ಆ ಹೊತ್ತಿನಲ್ಲಿ, ಆ ಟೈಯವನ ಎದುರು, ನನಗೆ ಕಳ್ಳನಾಗುವುದೇ ಸ್ವಲ್ಪ ಮೇಲು ಎನಿಸಿತ್ತು. ಕಳ್ಳನಿಗೂ ವಿದ್ಯೆ ಬರುತ್ತದೆಯಲ್ಲ. ಆದರೆ ಕಾಕಾನ ಕಣ್ಣಿನ ಕೆಳಗಿನ ಚರ್ಮ ಸಣ್ಣಗೆ ಅದುರುತ್ತಿತ್ತು. ಅಣ್ಣನ ಮಗ ತನ್ನ ಕೈಯಿಂದ ಮೋಸ ಮಾಡಿಸಿದನೇ ಎಂದು ಅವನು ಎಣಿಸುತ್ತಿದ್ದ.

"ನನಗ ಓದಾಕ ಬರಲಿಲ್ಲ, ಕಾಕಾ" ಎಂದೆ.

"ಏನು ಓದಾಕ?"

"ನಿನ್ನ ಬೆರಳು. ಅಪ್ಪ ಕಲಿಸಲಿಲ್ಲ. ನಾಲ್ಕು ಅಂದ್ರ ನಾಲ್ಕುನೂರು ಅಂತ ಬರದೆ. ಟ್ರೇನಿನ್ಯಾಗ ಗೊತ್ತಾತು."

"ಅವತ್ತ?"

"ಅವತ್ತ."

ಕಾಕಾ ಆ ಎರಡು ನೋಟುಗಳನ್ನು ಮತ್ತೆ ಕಟ್ಟಿನ ಮೇಲಿಟ್ಟು ಸೇಟ್‌ನ ಮುಂದೆ ಸರಿಸಿದ. ಆಮೇಲೆ ನನಗೆ ಹೇಳಿದ, "ಇಂಗ್ಲಿಷು ಕಲಿಯಾಕ ಹದಿನೇಳು ವರ್ಷ ಬೇಕಾತು, ತಿಳೀತೈತಿ. ಬರೂದಿಲ್ಲ ಅನ್ನಾಕ ಐದು ತಿಂಗಳು ಯಾಕ ಬೇಕಾತೋ ಮಗನ?"

ಸೇಟ್ ನಗಲಿಲ್ಲ. ಫಾರಮ್ಮನ್ನು ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆದು ನನ್ನ ಕಡೆ ಚಾಚಿದ. ತಪ್ಪು ಬರೆದವನೇ ತಿದ್ದಬೇಕು. ನಾನು ಹಳೆಯ ಅಂಕಿ ಹೊಡೆದೆ. ಆರುನೂರು ಎಂದು ಗೊತ್ತಿದ್ದರೂ ಪೆನ್ನು ಮುಂದೆ ಹೋಗಲಿಲ್ಲ. ಈ ಕೈಯನ್ನು ಇನ್ನು ನಂಬುವುದು ಹೇಗೆ ಎಂದು ನಿಂತುಬಿಟ್ಟೆ.

ಆಗ ಕಾಕಾ, ಧಾರಾವಿಯ ತೊಗಲಿನ ಬಜಾರಿನಲ್ಲಿ ಇಪ್ಪತ್ತು ವರ್ಷ ಒಂದು ದರವನ್ನೂ ಬಾಯಿಯಿಂದ ಹೊರಗೆ ಬಿಡದ ನನ್ನ ಕಾಕಾ, ಬೆಂಚಿನ ಮೇಲಿನ ಗಿರಾಕಿಗಳಿಗೆಲ್ಲ ಕೇಳಿಸುವಂತೆ, ಸಾಲೆಯಲ್ಲಿ ಮಾಸ್ತರರು ಉಕ್ತಲೇಖನ ಹೇಳಿದಂತೆ, ಬಿಡಿಸಿ ಬಿಡಿಸಿ ಹೇಳಿದ:

"ಹತ್ತು. ಸಾವಿರದ. ಆರುನೂರು. ಬರಿ."